ಕೋಳಿ ಸೀನಿದರೆ ಮೊದಲು ಗೂಡಿನ ಗಾಳಿ ನೋಡಿ

ಕತ್ತಲಾಗಿ ಕೋಳಿಗಳೆಲ್ಲ ಕೋಲಿನ ಮೇಲೆ ಕೂತು ಸುಮ್ಮನಾದ ಮೇಲೆ, ಅರ್ಧ ಗಂಟೆ ಬಿಟ್ಟು ಗೂಡಿನ ಪಕ್ಕ ಹೋಗಿ ಐದು ನಿಮಿಷ ನಿಂತುಕೊಳ್ಳಿ. ಟಾರ್ಚ್ ಹಾಕಬೇಡಿ, ಮಾತಾಡಬೇಡಿ. ಹಗಲಿನ ಕೆದಕಾಟ, ಗಾಡಿಗಳ ಹಾರನ್ ನಡುವೆ ಕೇಳಿಸದೇ ಹೋದದ್ದು ಆಗ ಕೇಳಿಸುತ್ತದೆ. ಒಮ್ಮೆ ಫಟ್ಟನೆ ಬಂದು ನಿಲ್ಲುವ ಒಣ ಸೀನು ಬೇರೆ, ಪ್ರತಿ ಉಸಿರಿನ ಜೊತೆಗೂ ಬರುವ ಗೊರಗೊರ ಬೇರೆ. ಸೀನು ಹೆಚ್ಚಾಗಿ ಮೂಗಿನ ಕಿರಿಕಿರಿ. ಗೊರಗೊರ ಎಂದರೆ ಶ್ವಾಸನಾಳದಲ್ಲಿ ಲೋಳೆ ಕಟ್ಟಿದೆ ಎಂದೇ ಅರ್ಥ. ಅನುಮಾನ ಬಂದ ಕೋಳಿಯನ್ನು ಎತ್ತಿ, ಅದರ ಬೆನ್ನಿಗೆ ಕಿವಿಯಿಟ್ಟು ಕೇಳಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ.

ಕೋಳಿಯ ಉಸಿರಾಟ ನಮ್ಮದರಂತಲ್ಲ. ಅದಕ್ಕೆ ವಪೆ (ಎದೆ, ಹೊಟ್ಟೆ ಬೇರ್ಪಡಿಸುವ ಸ್ನಾಯುವಿನ ಪರದೆ) ಇಲ್ಲ, ಶ್ವಾಸಕೋಶ ಹಿಗ್ಗಿ ಕುಗ್ಗುವುದಿಲ್ಲ. ಎದೆ, ಹೊಟ್ಟೆ, ಕುತ್ತಿಗೆಯ ಬುಡದಲ್ಲಿ ಹರಡಿರುವ ಒಂಬತ್ತು ಗಾಳಿಚೀಲಗಳು ತಿದಿಯಂತೆ ಗಾಳಿ ತಳ್ಳುತ್ತವೆ. ಆ ಚೀಲಗಳಿಗೆ ರಕ್ತನಾಳ ಬಹಳ ಕಡಿಮೆ. ಅಲ್ಲಿ ಸೋಂಕು ಕೂತರೆ ಔಷಧಿ ಸರಿಯಾಗಿ ತಲುಪುವುದೇ ಇಲ್ಲ. ಅದಕ್ಕೇ ತೊಂದರೆ ಮೂಗಿನಲ್ಲಿರುವಾಗಲೇ ಹಿಡಿಯಬೇಕು.

ಬೆಂಗಳೂರಿನಲ್ಲಿ ಸೀನು ಹೆಚ್ಚಾಗುವುದು ಡಿಸೆಂಬರ್, ಜನವರಿಯಲ್ಲಿ. ಕೋಳಿಗೆ ಚಳಿಯಾಗುತ್ತದೆಂದು ಮನೆಯವರು ಗೂಡಿನ ನಾಲ್ಕೂ ಕಡೆ ಹಳೇ ಫ್ಲೆಕ್ಸ್, ಟಾರ್ಪಾಲು ಸುತ್ತಿಬಿಡುತ್ತಾರೆ. ಪ್ರೀತಿಯಿಂದ ಮಾಡುವ ಕೆಲಸವೇ, ಆದರೆ ತಪ್ಪು. ಪುಕ್ಕ ತುಂಬಿದ ಕೋಳಿಗೆ ಇಲ್ಲಿನ 14–15 ಡಿಗ್ರಿ ಚಳಿ ಏನೂ ಅಲ್ಲ. ಒಳಗೆ ಸಿಕ್ಕಿಕೊಂಡ ತೇವ, ಹಿಕ್ಕೆಯಿಂದ ಏಳುವ ಅಮೋನಿಯಾ ಇವೆರಡೇ ಅದನ್ನು ಕಾಡುವುದು. ಅಮೋನಿಯಾ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 25 ಭಾಗ) ಹತ್ತಿರ ಬಂದರೆ ಶ್ವಾಸನಾಳದೊಳಗಿನ ಸಣ್ಣ ಕೂದಲಿನಂಥ ಎಳೆಗಳು ಕೆಲಸ ನಿಲ್ಲಿಸತೊಡಗುತ್ತವೆ. ಧೂಳು, ರೋಗಾಣುಗಳನ್ನು ಹೊರಕ್ಕೆ ಗುಡಿಸುವುದು ಆ ಎಳೆಗಳೇ. ಅವು ಸೋತ ಮೇಲೆ ಯಾವ ರೋಗವಾದರೂ ಸಲೀಸಾಗಿ ಇಳಿಯುತ್ತದೆ.

ಇದನ್ನು ಅಳೆಯಲು ಯಂತ್ರ ಬೇಕಿಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ತಕ್ಷಣ ಮಂಡಿಯೂರಿ, ಮುಖವನ್ನು ನೆಲದಿಂದ ಒಂದಡಿ ಎತ್ತರಕ್ಕೆ ತಂದು ಉಸಿರೆಳೆದುಕೊಳ್ಳಿ. ಕೋಳಿ ರಾತ್ರಿಯಿಡೀ ಉಸಿರಾಡಿದ್ದು ಆ ಗಾಳಿಯನ್ನೇ. ಕಣ್ಣು ಚುರ್ ಎಂದರೆ ಪ್ರಮಾಣ ಆಗಲೇ ಮೀರಿ ಹೋಗಿದೆ. ದಿನಾ ಹೋಗುವವರ ಮೂಗು ಆ ವಾಸನೆಗೆ ಒಗ್ಗಿಕೊಂಡಿರುತ್ತದೆ, ಹಾಗಾಗಿ ವಾರಕ್ಕೊಮ್ಮೆ ಮನೆಯ ಬೇರೆಯವರಿಂದ ಈ ಪರೀಕ್ಷೆ ಮಾಡಿಸಿ. ಗೂಡಿನ ಎರಡು ಎದುರು ಬದಿಗಳಲ್ಲಿ, ಮಾಡಿನ ಕೆಳಗೆ, ಕೂತ ಕೋಳಿಯ ತಲೆಗಿಂತ ಮೇಲೆ ಐದಾರು ಇಂಚಿನ ತೆರಪು ವರ್ಷವಿಡೀ ತೆರೆದೇ ಇರಬೇಕು. ಅದಕ್ಕೆ ಜಾಲರಿ ಹೊಡೆಯಿರಿ, ಮುಚ್ಚಬೇಡಿ. ಗಾಳಿ ನೇರ ಮೈಗೆ ಬಡಿಯದಂತೆ ಕೆಳಭಾಗಕ್ಕೆ ಮಾತ್ರ ಮರೆ ಸಾಕು.

ನೆಲಕ್ಕೆ ಭತ್ತದ ಹೊಟ್ಟು ಮೂರಿಂಚು ಹಾಸಿ. ಸಾಮಿಲ್‌ನ ಸಣ್ಣ ಮರದಪುಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ಧೂಳೇ ಸೀನು ತರಿಸುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿ ಸಿಪ್ಪೆಯನ್ನಂತೂ ಗೂಡಿನ ಹತ್ತಿರಕ್ಕೂ ತರಬೇಡಿ. ಅದರ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿದರೆ ಮರಿಗಳು ಸದ್ದೇ ಮಾಡದೆ ಬಾಯಿ ತೆರೆದು ಏದುಸಿರು ಬಿಟ್ಟು ಸಾಯುತ್ತವೆ. ಹಾಸಿದ ಹೊಟ್ಟನ್ನು ಒಂದು ಹಿಡಿ ತೆಗೆದುಕೊಂಡು ಬಿಗಿಯಾಗಿ ಹಿಂಡಿ, ಕೈ ಬಿಡಿಸಿ. ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚು. ಕೂಡಲೇ ಪುಡಿಯಾಗಿ ಹಾರಿದರೆ ಧೂಳು ಹೆಚ್ಚು. ಸ್ವಲ್ಪ ಅಂಟಿಕೊಂಡು ಮೆಲ್ಲಗೆ ಬಿರಿದರೆ ಸರಿಯಿದೆ. ನೀರಿನ ತಟ್ಟೆಯ ಸುತ್ತ ಒದ್ದೆಯಾದ ಭಾಗವನ್ನು ಅಂದಂದೇ ತೆಗೆದುಹಾಕಿ.

ವಾಸನೆ ಹೋಗಲಿ ಎಂದು ಹೊಟ್ಟಿಗೆ ಸುಣ್ಣ ಎರಚುವ ರೂಢಿ ಬಹಳ ಕಡೆ ಇದೆ. ಕೋಳಿ ಒಳಗಿರುವಾಗ ಇದನ್ನು ಮಾಡಲೇಬಾರದು. ಸುಣ್ಣದ ಕ್ಷಾರಕ್ಕೆ ಒದ್ದೆ ಹಿಕ್ಕೆಯಲ್ಲಿದ್ದ ಅಮೋನಿಯಾ ಒಮ್ಮೆಲೇ ಮೇಲೇಳುತ್ತದೆ. ಬ್ಲೀಚಿಂಗ್ ಪೌಡರ್ ಇನ್ನೂ ಕೆಟ್ಟದ್ದು, ಅಮೋನಿಯಾ ಜೊತೆ ಸೇರಿ ವಿಷಗಾಳಿಯಾಗುತ್ತದೆ. ಹೊಟ್ಟು ಪೂರ್ತಿ ತೆಗೆದು, ನೆಲ ತೊಳೆದು ಒಣಗಿಸಿದ ಮೇಲೆ ಸುಣ್ಣ ಬಳಿಯುವುದು ಒಳ್ಳೆಯದೇ. ಸೊಳ್ಳೆಗೆಂದು ಗೂಡಿನೊಳಗೆ ಸಾಂಬ್ರಾಣಿ ಹೊಗೆ, ಕಾಯಿಲ್ ಕೂಡ ಬೇಡ. ಸೊಳ್ಳೆ ಕೋಳಿಸಿಡುಬು ಹರಡುತ್ತದೆ ನಿಜ, ಅದಕ್ಕೆ ಸಣ್ಣ ಕಣ್ಣಿನ ಜಾಲರಿ ಹೊಡೆಯಿರಿ. ಪುಡಿ ಮೇವು ಹಾಕಿದಾಗಲಷ್ಟೇ ಸೀನುತ್ತಿದ್ದರೆ ತಿನ್ನುವ ಮುಂಚೆ ಸ್ವಲ್ಪ ನೀರು ಚಿಮುಕಿಸಿ ಕಲಸಿ, ಎರಡು ಗಂಟೆಯಲ್ಲಿ ಉಳಿದದ್ದನ್ನು ಎತ್ತಿಬಿಡಿ.

ಗಾಳಿ, ಹೊಟ್ಟು ಎರಡೂ ಸರಿಯಾಗಿ ಮೂರ್ನಾಲ್ಕು ದಿನವಾದರೂ ಸೀನು ನಿಲ್ಲದಿದ್ದರೆ ಕೋಳಿಯನ್ನು ಹಿಡಿದು ನೋಡಬೇಕು. ಮೂಗಿನ ಹೊಳ್ಳೆಯ ಎರಡೂ ಬದಿ ಬೆರಳಿಂದ ಮೆಲ್ಲಗೆ ಒತ್ತಿ. ತಿಳಿನೀರೋ, ಅಂಟು ಸಿಂಬಳವೋ, ಬರೀ ಮೇವಿನ ಪುಡಿ ಅಂಟಿದೆಯೋ ಗೊತ್ತಾಗುತ್ತದೆ. ಕಣ್ಣಿನ ಮೂಲೆಯಲ್ಲಿ ಸೋಪಿನ ನೊರೆಯಂಥ ಗುಳ್ಳೆಗಳಿದ್ದು, ವಾರಗಟ್ಟಲೆ ಗೊರಗೊರ ಇದ್ದರೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಸಿಆರ್‌ಡಿಯ (ದೀರ್ಘಕಾಲದ ಉಸಿರಾಟದ ಕಾಯಿಲೆ) ಅನುಮಾನ. ಕಣ್ಣಿನ ಕೆಳಗೆ ಮುಖ ಊದಿ, ಮೂಗು ಕೊಳೆತ ವಾಸನೆ ಹೊಡೆದರೆ ಕೊರೈಜಾ ಎಂಬ ಮೂಗಿನ ಸೋಂಕು ಇರಬಹುದು. ಇದು ಒಂದರಿಂದ ಮೂರು ದಿನದಲ್ಲಿ ಪಕ್ಕದ ಕೋಳಿಗೂ ಬರುತ್ತದೆ. ಮೊಟ್ಟೆಯ ಚಿಪ್ಪು ಸುಕ್ಕುಗಟ್ಟಿ, ಬಿಳಿಭಾಗ ನೀರಾದರೆ ಸಾಂಕ್ರಾಮಿಕ ಬ್ರಾಂಕೈಟಿಸ್. ಗಂಟಲಲ್ಲಿ ಹಳದಿ ಪೊರೆ ಕಟ್ಟಿದ್ದರೆ ಸಿಡುಬಿನ ಒಳರೂಪ, ಆ ಪೊರೆಯನ್ನು ಕಿತ್ತರೆ ರಕ್ತ ಬರುತ್ತದೆ, ಕೀಳಬೇಡಿ. ಹಸಿರು ಭೇದಿ, ಕತ್ತು ತಿರುಚುವುದು, ಕಾಲು ಬೀಳುವುದು ಜೊತೆಗೂಡಿದರೆ ಕೊಕ್ಕರೆ ರೋಗ (ರಾಣಿಖೇತ್).

ಕೊಕ್ಕರೆ ರೋಗಕ್ಕೆ ಔಷಧಿಯಿಲ್ಲ, ಲಸಿಕೆ ಮಾತ್ರ. ಮರಿಗೆ 5ರಿಂದ 7ನೇ ದಿನ ಕಣ್ಣಿಗೊಂದು ಹನಿ ಲಸಿಕೆ, ನಾಲ್ಕನೇ ವಾರ ಲಾಸೋಟಾ ಎಂಬ ಲಸಿಕೆ, ಎಂಟನೇ ವಾರ ಆರ್‌2ಬಿ ಎಂಬ ಲಸಿಕೆಯ ಚುಚ್ಚುಮದ್ದು. ಲಾಸೋಟಾವನ್ನು ನೀರಿನಲ್ಲಿ ಕೊಡುವವರು ಒಂದು ವಿಷಯ ಮರೆಯಬಾರದು. ನಲ್ಲಿಯ ಕಾವೇರಿ ನೀರಿನ ಕ್ಲೋರಿನ್ ಜೀವಂತ ಲಸಿಕೆಯನ್ನು ಕೊಂದುಬಿಡುತ್ತದೆ. ಅದನ್ನು ತಡೆಯಲು ಲೀಟರಿಗೆ 2.5 ಗ್ರಾಂ ಕೆನೆ ತೆಗೆದ ಹಾಲಿನಪುಡಿ ಕಲಸಿ ಅರ್ಧ ಗಂಟೆ ಬಿಟ್ಟು ಲಸಿಕೆ ಹಾಕಿ, ಎರಡು ಗಂಟೆಯೊಳಗೆ ಕುಡಿದು ಮುಗಿಯುವಂತೆ ನೋಡಿಕೊಳ್ಳಿ. ಲಸಿಕೆ ಹಾಕಿದ ಮೂರ್ನಾಲ್ಕು ದಿನಕ್ಕೆ ಸಣ್ಣಗೆ ಸೀನು ಬಂದರೆ ಗಾಬರಿ ಬೇಡ, ತಾನೇ ಇಳಿಯುತ್ತದೆ.

ಅಂಗಡಿಯಲ್ಲಿ ಕೇಳಿ ತಂದ ಆಂಟಿಬಯೋಟಿಕ್ ಎರಡು ದಿನ ಕುಡಿಸಿ ನಿಲ್ಲಿಸುವುದೇ ನಮ್ಮಲ್ಲಿ ನಡೆಯುವ ದೊಡ್ಡ ಅನಾಹುತ. ವೈರಸ್ಸಿಗೆ ಅದು ತಾಗುವುದೇ ಇಲ್ಲ. ಸಿಆರ್‌ಡಿಯಲ್ಲಿ ಸದ್ದು ಅಡಗುತ್ತದೆ, ಕೋಳಿ ಮಾತ್ರ ಬದುಕಿರುವಷ್ಟು ದಿನ ರೋಗ ಹೊತ್ತೇ ಇರುತ್ತದೆ, ಮೊಟ್ಟೆಯ ಮೂಲಕ ಮರಿಗೂ ದಾಟಿಸುತ್ತದೆ. ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಅನ್ನು ಆಹಾರದ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಪಶುವೈದ್ಯರು ಬರೆದ ಔಷಧಿಯನ್ನೇ, ಬರೆದಷ್ಟೂ ದಿನ ಕೊಡಿ. ಅವರು ಹೇಳುವವರೆಗೆ ಆ ಮೊಟ್ಟೆ ತಿನ್ನಬೇಡಿ. ಮೂಗಿಗೆ ಎಣ್ಣೆ ಬಿಡುವುದು, ವಿಕ್ಸ್ ಸವರುವುದು ಎರಡೂ ಅಪಾಯ.

ಸಂತೆಯಿಂದಲೋ ಶಿವಾಜಿನಗರದಿಂದಲೋ ಹೊಸ ಕೋಳಿ ತಂದರೆ ಮೂವತ್ತು ದಿನ ಮನೆಯ ಇನ್ನೊಂದು ಬದಿಯಲ್ಲಿ ಬೇರೆ ಇಡಿ. ದಿನದ ಕೆಲಸದಲ್ಲಿ ಅದರ ಸರದಿ ಕೊನೆಗೆ, ಅದಕ್ಕೆ ಚಪ್ಪಲಿಯೂ ಬೇರೆ.

ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತು, ಜುಟ್ಟು ನೀಲಿಗಟ್ಟಿದ್ದರೆ ಹೆಣ ಮುಟ್ಟಬೇಡಿ, ಎಲ್ಲಿಗೂ ಒಯ್ಯಬೇಡಿ, ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ. 2012ರಲ್ಲಿ ನಮ್ಮ ಹೆಸರಘಟ್ಟದಲ್ಲೇ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಹಾಗಲ್ಲದೆ ದಿನಗಟ್ಟಲೆ ಗೊರಗೊರ ಎಂದು ಒಂದೇ ಕೋಳಿ ಸತ್ತಿದ್ದರೆ, ವೈದ್ಯರನ್ನು ಕೇಳಿಕೊಂಡು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯ ಮೇಲಿಟ್ಟು ಅದೇ ದಿನ ಒಯ್ಯಬೇಕು. ಫ್ರೀಜರಿನಲ್ಲಿ ಇಡಬೇಡಿ, ಹೆಪ್ಪುಗಟ್ಟಿದರೆ ಅಂಗಾಂಶ ಒಡೆದು ಪರೀಕ್ಷೆಗೆ ಬಾರದಂತಾಗುತ್ತದೆ.