ಕ್ಯಾಮಸ್ ಮಡಿ: ಈ ಅಕ್ಟೋಬರ್ ತನಕ ಆದದ್ದು

ಅಂತೂ ಬೀಜ ಬಿತ್ತಿ ಆಯ್ತು. ಕೆನಡಾದ ವಿಕ್ಟೋರಿಯಾದಲ್ಲಿ ಸೂರಿಲ್ಲದ ಮೂಲನಿವಾಸಿಗಳು ಸೇರಿ ಮಾಡುತ್ತಿರುವ ತೋಟ ಇದು, ನಾನು ರಜೆ ದಿನ ಹೋಗಿ ಕೈಜೋಡಿಸುತ್ತೇನೆ ಅಷ್ಟೆ. ಈ ಸಲ ಎರಡು ಮಡಿ ಪೂರ್ತಿ ಕ್ಯಾಮಸ್‌ಗೇ ಬಿಟ್ಟಿದ್ದಾರೆ. ನೀಲಿ ಹೂ ಬಿಡುವ ಗಿಡ, ಬೇಯಿಸಿ ತಿನ್ನುವ ಅದರ ಗಡ್ಡೆ ಸಣ್ಣ ಈರುಳ್ಳಿಯ ಹಾಗಿರುತ್ತದೆ. ಬೀಜಕ್ಕೆ ಚಳಿ ತಾಗದಿದ್ದರೆ ಮೊಳಕೆ ಬರಲ್ಲ, ಅದಕ್ಕೇ ಈಗಲೇ ಬಿತ್ತಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಬಲೆ ಕಟ್ಟಿದೆವು. ಈ ಊರಲ್ಲಿ ಜಿಂಕೆ ಕಾಟ ಜಾಸ್ತಿ.

ಈ ಊರು ಎದ್ದಿದ್ದೇ ಕ್ಯಾಮಸ್ ಬಯಲಿನ ಮೇಲೆ. 1843ರಲ್ಲಿ ತುಪ್ಪಳ ವ್ಯಾಪಾರದ ಬ್ರಿಟಿಷ್ ಕಂಪನಿ ಹಡ್ಸನ್ಸ್ ಬೇ ಕೋಟೆ ಕಟ್ಟುವ ಮುಂಚೆ ಇಲ್ಲಿನ ಮೂಲನಿವಾಸಿಗಳಾದ ಲೆಕ್ವಂಗೆನ್ ಜನ ಹುಲ್ಲಿಗೆ ಬೆಂಕಿ ಕೊಟ್ಟು, ಗಡ್ಡೆ ಬೆಳೆಸಿ, ನೆರೆಯವರ ಜೊತೆ ವ್ಯಾಪಾರ ಮಾಡುತ್ತಿದ್ದರು. ಮಡಿಗಳು ಹೆಂಗಸರ ಕೈಯಲ್ಲಿದ್ದವು. ಆಮೇಲೆ ದನ, ಹಂದಿ, ಬೇಲಿ, ರಸ್ತೆ ಬಂದವು. ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ, ಅವರ ಭಾಷೆ, ರೀತಿನೀತಿ ಮರೆಸುವ ವಸತಿ ಶಾಲೆಗಳಿಗೆ ಒಯ್ದರು, ಅಂಥ ಶಾಲೆಗಳು ಪೂರ್ತಿ ಮುಚ್ಚಿದ್ದು 1990ರ ದಶಕದಲ್ಲಿ. ಈಗ ದೇಶದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ನೂರಕ್ಕೆ ಐದು, ಬೀದಿಯಲ್ಲಿ ಮಲಗುವವರಲ್ಲಿ ಅದರ ಎಷ್ಟೋ ಪಟ್ಟು. ಸ್ವತಃ ಬೀದಿಯಲ್ಲಿ ಬದುಕಿದ್ದ ಮೂಲನಿವಾಸಿ ವಿದ್ವಾಂಸ ಜೆಸ್ಸಿ ಥಿಸಲ್ ಅವರು 2017ರಲ್ಲಿ ಬರೆದದ್ದೂ ಇದನ್ನೇ: ಇವರ ಮನೆ ಹೋಯಿತು ಅಂದರೆ ಬರೀ ಚಾವಣಿ ಹೋದದ್ದಲ್ಲ, ನೆಲ, ನೆಂಟರು, ಭಾಷೆ ಎಲ್ಲದರ ನಂಟು ಕಡಿದದ್ದು. ನಾಗರಹೊಳೆಯಿಂದ ಎತ್ತಂಗಡಿಯಾಗಿ ಕೊಡಗಿನ ಕಾಫಿ ತೋಟದ ಲೈನ್ ಮನೆ ಸೇರಿದ ಜೇನು ಕುರುಬರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ತೋಟದಲ್ಲಿ ಹಾಜರಿ ಪುಸ್ತಕ ಇಲ್ಲ. ಬಂದವರು ಕಳೆ ಕೀಳಬಹುದು, ಇಲ್ಲಾ ಸುಮ್ನೆ ಚಹಾ ಕುಡಿದು ಹರಟಬಹುದು. ಬೇಸಿಗೆಯಲ್ಲಿ ಹೊಸ ಕಟ್ಟಡದ ಜಾಗವೊಂದರಿಂದ ಕಿತ್ತು ತಂದ ಗಡ್ಡೆಗಳಲ್ಲಿ, ಕ್ಯಾಮಸ್ಸೇ ಅಂತ ಖಚಿತವಾದ ಒಂದಷ್ಟನ್ನು ಗುಂಡಿಯಲ್ಲಿ ಬೇಯಿಸಿದರು, ಉಳಿದದ್ದನ್ನು ಮಡಿಯಲ್ಲಿ ನೆಟ್ಟರು. ಕಾದ ಕಲ್ಲು, ಮೇಲೆ ಒದ್ದೆ ಜರಿ ಸೊಪ್ಪು, ಗಡ್ಡೆ, ಮತ್ತೆ ಸೊಪ್ಪು, ಮಣ್ಣು. ರಾತ್ರಿಯಿಡೀ ಬೇಯಬೇಕು, ಆಗಲೇ ಅದರೊಳಗಿನ ಇನ್ಯುಲಿನ್ ಅನ್ನೋ ಪಿಷ್ಟದಂಥ ಪದಾರ್ಥ ಒಡೆದು ಸಿಹಿಯಾಗುವುದು. ಬೆಳಿಗ್ಗೆ ಮಣ್ಣು ಸರಿಸಿದರೆ ಕಂದು ಬಣ್ಣ, ಬೆರಳಿಗೆ ಅಂಟುವಷ್ಟು ಮೆತ್ತಗೆ. ಒಬ್ಬಾಕೆ ನಕ್ಕು, "ಅಜ್ಜಿ ಸಕ್ಕರೆ ಹಾಕ್ತಿದ್ದಳು ಅಂದ್ಕೊಂಡಿದ್ದೆ" ಅಂದರು. ಅವತ್ತಿಂದ ಅವರು ತಪ್ಪದೆ ಬರುತ್ತಿದ್ದಾರೆ, ಮಡಿಯ ಲೆಕ್ಕಾಚಾರವೆಲ್ಲ ಈಗ ಅವರದ್ದೇ.

ತಲೆನೋವು ದುಡ್ಡಿನದು. ಬಿತ್ತಿದ ಕ್ಯಾಮಸ್ ಹೂ ಬಿಡಲು ಮೂರರಿಂದ ಐದು ವರ್ಷ ಬೇಕು, ಅನುದಾನ ಬರುವುದು ವರ್ಷ ವರ್ಷಕ್ಕೆ. ವರದಿಯಲ್ಲಿ ತೋರಿಸಲು ಟೊಮೇಟೊ ಬೆಳೆಯಬೇಕು, ಇಲ್ಲದಿದ್ದರೆ 'ಇಳುವರಿ ಎಲ್ಲಿ' ಅಂತಾರೆ. ನನಗಂತೂ ಆ ಪ್ರಶ್ನೆಯೇ ತಲೆಕೆಳಗು ಅನಿಸುತ್ತದೆ. ಜಾಗ ಬಿಡಬೇಕಾಗಿ ಬಂದರೂ ಹೊತ್ತೊಯ್ಯಲಿಕ್ಕಾಗಲಿ ಅಂತ ಅರ್ಧ ಬೀಜವನ್ನು ಮರದ ಪೆಟ್ಟಿಗೆಗಳಲ್ಲಿ ಬಿತ್ತಿದ್ದೇವೆ. ಈ ಉಪಾಯ ಮಡಿಯ ಲೆಕ್ಕ ನೋಡುವ ಆಕೆಯದ್ದೇ.

ಕಿತ್ತು ತಂದು ನೆಟ್ಟ ಗಡ್ಡೆಗಳು ಬರುವ ಮೇ ತಿಂಗಳಲ್ಲಿ ಹೂ ಬಿಟ್ಟಾಗ, ವಿಷದ ಕ್ಯಾಮಸ್ ಅನ್ನೋ ಬೇರೆ ಗಿಡ ಸೇರಿಕೊಂಡಿದ್ದರೆ ಹುಡುಕಿ ತೆಗೆಯಬೇಕು. ಅದರ ಹೂ ಕೆನೆಬಿಳುಪು, ಗಡ್ಡೆ ಮಾತ್ರ ಥೇಟ್ ಇದರದ್ದೇ, ಹೂ ಉದುರಿದ ಮೇಲೆ ಗುರುತು ಹಿಡಿಯುವುದು ಕಷ್ಟ. ಅಲ್ಲಿಯವರೆಗೆ ಆ ಮಡಿಯಿಂದ ಯಾರೂ ಏನೂ ಅಗೆಯುವ ಹಾಗಿಲ್ಲ.