ಗ್ರ್ಯಾಪಲ್ ರಿಪೇರಿ, ನಾಲ್ಕನೇ ಸಲ: ದವಡೆ ಕೊನೆಗೂ ಕೈಯಲ್ಲಿ ಆಡಿತು

ಗ್ರ್ಯಾಪಲ್ ಅಂದರೆ ಟ್ರ್ಯಾಕ್ಟರಿನ ಮುಂದೆ ಕೂರುವ, ದಿಮ್ಮಿಯನ್ನು ಕಚ್ಚಿ ಎತ್ತುವ ಉಕ್ಕಿನ ಬಾಯಿ. ನಿನ್ನೆ ಸಂಜೆ ಅದರ ದವಡೆಯನ್ನು ತಳ್ಳುವ ಹೈಡ್ರಾಲಿಕ್ ಸಿಲಿಂಡರಿನ ಪಿನ್ ಎಳೆದು ಪಕ್ಕಕ್ಕಿಟ್ಟು, ಮೇಲ್ದವಡೆಯನ್ನು ಎರಡು ಕೈಯಲ್ಲಿ ಎತ್ತಿ ಬಿಟ್ಟೆ. ಎಲ್ಲೂ ಕಚ್ಚದೆ, ಕಿರುಗುಟ್ಟದೆ ಬಂದು ಕೆಳಗಿಟ್ಟಿದ್ದ ಮರದ ತುಂಡಿನ ಮೇಲೆ ಧಡ್ ಅಂತ ಕೂತಿತು. ಇನ್ನೊಂದು ಸಲ ಎತ್ತಿ ಬಿಟ್ಟೆ. ಮತ್ತೆ ಧಡ್. ಏನು ಬಿತ್ತು ಅಂತ ಹೆಂಡತಿ ಹೊರಗೆ ಬಂದು ನೋಡುವಷ್ಟರಲ್ಲಿ ಏಳೆಂಟು ಸಲ ಆಗಿತ್ತು. ಹತ್ತು ತಿಂಗಳಿಂದ ನಾನು ಕೇಳಬೇಕಾಗಿದ್ದ ಸದ್ದು ಅದು.

ಹೊಸದಾಗಿ ಓದುವವರಿಗೆ ಎರಡು ಮಾತು. ನಮ್ಮ ಆರು ಎಕರೆ ಇರುವುದು ಉತ್ತರ ಕೆರೊಲಿನಾದ ಪಶ್ಚಿಮದ ಬೆಟ್ಟಸೀಮೆಯಲ್ಲಿ, ಆಶ್‌ವಿಲ್ ಊರಿನ ಆಸುಪಾಸು. 2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತ ಈ ಬೆಟ್ಟಗಳ ಮೇಲೆ ಹಾದುಹೋದಾಗ ಮಳೆಗೆ ನೆಂದು ಮೆತ್ತಗಾಗಿದ್ದ ಮಣ್ಣಿನಿಂದ ಓಕ್ ಮರಗಳು ಬುಡಸಮೇತ ಮಗುಚಿ ಬಿದ್ದವು. ನಮ್ಮ ಜಾಗದಲ್ಲೇ ಮೂವತ್ತೊಂದು. ಇದ್ದದ್ದು 25 ಎಚ್‌ಪಿಯ ಸಣ್ಣ ಟ್ರ್ಯಾಕ್ಟರು, ಅದರ ಮುಂದೊಂದು ಲೋಡರು, ಅಂದರೆ ಭಾರ ಎತ್ತುವ ತೋಳು. ಊರಿಗೆ ಊರೇ ಮರ ಎತ್ತುತ್ತಿದ್ದ ಕಾಲ, ಒಳ್ಳೆಯ ಗ್ರ್ಯಾಪಲ್ ತಿಂಗಳುಗಟ್ಟಲೆ ಕಾದರೂ ಸಿಗುತ್ತಿರಲಿಲ್ಲ. ಸಿಕ್ಕಿದ್ದು ಅಗ್ಗದ ಒಂದು, 48 ಇಂಚಿನದು, ಒಂದೇ ಮೇಲ್ದವಡೆ, ಒಂದೇ ಸಿಲಿಂಡರು. ಕೊಂಡಿದ್ದಕ್ಕೆ ಪಶ್ಚಾತ್ತಾಪವಿಲ್ಲ, ಇಪ್ಪತ್ತಾರು ಮರಗಳನ್ನು ಅದೇ ಎತ್ತಿದೆ.

ತೊಂದರೆ ಇದ್ದದ್ದು ಒಂದೇ ಕಡೆ. ಮೇಲ್ದವಡೆ ಕೂರುವ ಪಿನ್ನುಗಳನ್ನು ಹಿಡಿದಿರುವ ತೂತಿನ ಪ್ಲೇಟುಗಳಿಗೆ ಕಿವಿ ಅನ್ನುತ್ತೇವೆ, ಎಡಕ್ಕೆರಡು, ಬಲಕ್ಕೆರಡು. ಅವು ಹಿಂದಿನ ಚೌಕ ಪೈಪಿಗೆ ವೆಲ್ಡ್ ಆಗಿರುತ್ತವೆ, ಆ ವೆಲ್ಡಿನ ಅಂಚಿನಲ್ಲಿ ಬಿರುಕು.

ಮೊದಲ ಬಿರುಕು ಕಂಡದ್ದು 61 ಗಂಟೆ ಕೆಲಸ ಆದಮೇಲೆ, ಬಲಗಡೆ. ಎಲ್ಲರೂ ಮಾಡುವುದನ್ನೇ ಮಾಡಿದೆ: ಬಿರುಕಿನ ತುದಿಯಲ್ಲಿ ತೂತು ಕೊರೆದು, ಗ್ರೈಂಡರಿನಲ್ಲಿ ವಿ ಆಕಾರಕ್ಕೆ ಬುಡದವರೆಗೂ ತೆಗೆದು, 7018 ಅನ್ನುವ ವೆಲ್ಡಿಂಗ್ ರಾಡಿನಲ್ಲಿ ತುಂಬಿದೆ. ವೆಲ್ಡ್ ಚೆನ್ನಾಗಿಯೇ ಬಂತು. 19 ಗಂಟೆ ಬಾಳಿತು.

ಎರಡನೇ ಸಲ ಮೂಲೆಗೆ ತ್ರಿಕೋನದ ಆಸರೆ ಪಟ್ಟಿ ಕೊಟ್ಟೆ, ಎರಡೂ ಕಡೆ. 11 ಗಂಟೆ. ಈ ಸಲ ಬಿರುಕು ಪಟ್ಟಿಯ ತುದಿಯಿಂದಲೇ ಹೊರಟಿತ್ತು.

ಮೂರನೇ ಸಲ, ತಪ್ಪೆಲ್ಲ ಪಿನ್ನಿನ ಸಡಿಲದಲ್ಲಿದೆ ಅಂತ ತೀರ್ಮಾನಿಸಿದೆ. ತೂತುಗಳು ಮೊಟ್ಟೆಯಾಕಾರಕ್ಕೆ ಸವೆದಿದ್ದವು, ದವಡೆ ಲಟಲಟ ಅನ್ನುತ್ತಿತ್ತು. ನಾಲ್ಕೂ ಕಿವಿಗೆ ಹೊಸ ಬುಶ್ (ಪಿನ್ ಒಳಗೆ ಕೂರುವ ಬಳೆ) ಹಾಕಿ, ಅಲುಗಾಟ ಚೂರೂ ಇಲ್ಲದಂತೆ ಪಿನ್ ಕೂರಿಸಿದೆ. ಮೂರರಲ್ಲಿ ಅತಿ ಶ್ರದ್ಧೆಯಿಂದ ಮಾಡಿದ ಕೆಲಸ ಅದು. ನಾಲ್ಕೇ ಗಂಟೆಯಲ್ಲಿ ಎಡ ಬಲ ಎರಡೂ ಕಡೆ ಸೀಳಿತು.

ಆ ಸಂಜೆ ಗ್ರ್ಯಾಪಲ್ಲನ್ನು ಅಲ್ಲೇ ಇಳಿಸಿ, ಟ್ರ್ಯಾಕ್ಟರನ್ನು ಶೆಡ್ಡಿಗೆ ತಂದು ನಿಲ್ಲಿಸಿ, ವಾರಪೂರ್ತಿ ಅದರ ಕಡೆ ಹೋಗಲಿಲ್ಲ. 19, 11, 4. ರಿಪೇರಿ ಚೆನ್ನಾದಷ್ಟೂ ಬಾಳಿಕೆ ಕಡಿಮೆ. ಯಾವ ಲೆಕ್ಕಕ್ಕೂ ಸಿಗದ ಲೆಕ್ಕ.

ನಡುವೆ ಮಾರಾಟದವರ ಪುರಾಣ. ಎರಡನೇ ರಿಪೇರಿಯ ಹೊತ್ತಿಗೆ ಹೊಸ ಪಿನ್ ಕೇಳಿದ್ದೆ. ಮೂರು ಸಲ ಫೋಟೋ ಕೇಳಿದರು, ಎರಡು ವಾರ ಕಾಯಿಸಿದರು, ಆಮೇಲೆ ಬಂದದ್ದು ಒಂದು ಇಂಚಿನ ಪಿನ್ನು. ಗ್ರ್ಯಾಪಲ್ಲಿನ ತೂತು 25 ಮಿಲಿಮೀಟರಿನದು, ಒಂದು ಇಂಚು ಅಂದರೆ 25.4. ಉದ್ದಕ್ಕೆ 28ರವರೆಗೆ ಸವೆದ ತೂತು ಅಡ್ಡಕ್ಕೆ ಇನ್ನೂ 25 ಚಿಲ್ಲರೆಯಲ್ಲೇ ಇತ್ತು. ಸಡಿಲವಾದ ತೂತಿಗೇ ಪಿನ್ ಹೋಗದ ಪರಿಸ್ಥಿತಿ! ಸಿಲಿಂಡರಿಗೆ ಎಣ್ಣೆಯ ಪೈಪು ಸೇರುವ ಪೋರ್ಟೂ ಹಾಗೇ: ಇಲ್ಲಿನ ಅಂಗಡಿಗಳಲ್ಲಿ ಕೈಗೆ ಸಿಗುವುದು ಅಮೆರಿಕದ ಅಳತೆಯ 3/8 ಎನ್‌ಪಿಟಿ, ಇಂಚಿಗೆ 18 ಮರೆ (ತ್ರೆಡ್). ಸಿಲಿಂಡರಿನಲ್ಲಿದ್ದದ್ದು ಬ್ರಿಟಿಷ್ ಅಳತೆಯ ಬಿಎಸ್‌ಪಿಪಿ, ಇಂಚಿಗೆ 19. ಮೊದಲ ಒಂದೆರಡು ಸುತ್ತು ಸರಾಗ ಹೋಗಿ ಆಮೇಲೆ ಕಚ್ಚುತ್ತದೆ. ಬಲವಂತ ಮಾಡಿದರೆ ಪೋರ್ಟು ಹಾಳು. ಅಗ್ಗದ ಸಿಲಿಂಡರ್ ಕೊಂಡವರು ಫಿಟ್ಟಿಂಗ್ ತರುವ ಮೊದಲು ಮರೆಯ ಗೇಜು ಇಟ್ಟು ನೋಡಿ.

ನಮ್ಮ ಸೋದರಮಾವ ತಿಪಟೂರಿನಲ್ಲಿ ಮೂವತ್ತು ವರ್ಷ ಲೇತ್ ಅಂಗಡಿ ನಡೆಸಿದವರು. ಟ್ರೇಲರ್ ಆಕ್ಸಲ್, ಕಲ್ಟಿವೇಟರ್ ಹಲ್ಲು, ರೋಟವೇಟರ್ ಬೇರಿಂಗು, ರೈತರು ಮುರಿದು ತಂದದ್ದೆಲ್ಲ ಅವರ ಕೈ ದಾಟಿದೆ. ಇಲ್ಲಿ ಶನಿವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದೆ, ಅಲ್ಲಿ ಭಾನುವಾರ ಬೆಳಗ್ಗೆ ಆರೂವರೆ, ಕಾಫಿ ಕುಡಿಯುತ್ತಿದ್ದರು. ವಿಡಿಯೋದಲ್ಲಿ ಬಿರುಕು ತೋರಿಸಿದೆ. ಪ್ಲೇಟಿನ ದಪ್ಪ, ರಾಡು, ಆಂಪಿಯರು ಎಲ್ಲ ಹೇಳಿದೆ. ಅವರು ಕೇಳಿದ್ದು ಬೇರೆಯೇ.

"ಸಿಲಿಂಡರ್ ಬಿಚ್ಚಿ, ಕೈಯಲ್ಲಿ ಆಡ್ಸಿ ನೋಡಿದ್ಯೇನೋ?"

"ಇಲ್ಲ ಮಾವ. ಯಾಕೆ?"

"ಗಾಡಿಗೆ ಅಚ್ಚು ಕೂರ್ಸಿದ್ಮೇಲೆ, ಎತ್ತು ಕಟ್ಟೋಕೆ ಮುಂಚೆ ಚಕ್ರಾನ ಕೈಯಲ್ಲಿ ತಿರುಗ್ಸಿ ನೋಡ್ತಾರೆ ಕಣೋ. ಎತ್ತು ಕಟ್ಬಿಟ್ರೆ ಬಿಗಿ ಇದ್ರೂ ಎಳ್ಕೊಂಡ್ ಹೋಗ್ತವೆ. ನಿಂಗೆ ಗೊತ್ತಾಗೋದು ಅಚ್ಚು ಮುರಿದಾಗ್ಲೇ."

ಮಾರನೇ ಬೆಳಗ್ಗೆ ಸಿಲಿಂಡರಿನ ಪಿನ್ ಎಳೆದೆ. ಮೇಲ್ದವಡೆ ಪೂರ್ತಿ ತೆರೆದ ಸ್ಥಿತಿಯಿಂದ ಅರ್ಧದವರೆಗೆ ಬಂದು ನಿಂತಿತು. ಭಾರಕ್ಕೆ ಬೀಳಬೇಕಾದದ್ದು ಬೀಳಲೇ ಇಲ್ಲ. ಮೇಲೆ ಕೂತು ಅದುಮಿದರೆ ಕಿರ್ ಅಂತ ಇನ್ನೊಂದು ಅಂಗುಲ ಇಳಿದು ಮತ್ತೆ ನಿಂತಿತು.

ಸಿಲಿಂಡರಿನ ಒಳವ್ಯಾಸ 2 ಇಂಚು, ಎಣ್ಣೆಯ ಒತ್ತಡ ಚದರ ಇಂಚಿಗೆ 2,500 ಪೌಂಡ್. ಆ ಸಿಲಿಂಡರ್ ತಳ್ಳುವುದು ಸುಮಾರು 7,850 ಪೌಂಡ್, ಅಂದರೆ ಮೂರೂವರೆ ಟನ್. ಬಿಗಿಯಿದ್ದ ದವಡೆಯನ್ನು ಅದು ಉಸಿರೆತ್ತದೆ ತೆರೆದು ಮುಚ್ಚುತ್ತಿತ್ತು. ಸೀಟಿನ ಮೇಲೆ ಕೂತವನ ಕೈಗೆ ಸಿಗುವುದು ಒಂದು ಗುಂಡಿ, ಗುಂಡಿಗೆ ಬಿಗಿ ಗೊತ್ತಾಗುವುದಿಲ್ಲ. ಪ್ರತಿ ಸಲ ಬಾಯಿ ತೆರೆದಾಗ ಕಿವಿಗಳು ಒಂದು ಕಡೆಗೆ ಬಾಗಿ, ಮುಚ್ಚಿದಾಗ ಇನ್ನೊಂದು ಕಡೆಗೆ ಬಾಗುತ್ತಿದ್ದವು. ಮರ ಎತ್ತಲಿ ಬಿಡಲಿ, ಖಾಲಿ ಬಾಯಿ ಆಡಿಸಿದರೂ ವೆಲ್ಡಿನ ಬುಡ ದಣಿಯುತ್ತಿತ್ತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ.

ಪಿನ್ನುಗಳನ್ನೂ ದವಡೆಯನ್ನೂ ಪೂರ್ತಿ ತೆಗೆದು, ಎಡಗಿವಿಯಿಂದ ಬಲಗಿವಿಗೆ ಮೀನು ಹಿಡಿಯುವ ದಾರ ಬಿಗಿಯಾಗಿ ಕಟ್ಟಿದೆ. ಗಾರೆಯವರು ಗೋಡೆಗೆ ನೂಲು ಹಿಡಿಯುವ ಹಾಗೆ. 22 ಇಂಚಿನ ಅಂತರದಲ್ಲಿ ಬಲಗಡೆಯ ತೂತುಗಳ ಮಧ್ಯ 5 ಮಿಲಿಮೀಟರ್ ಕೆಳಗೆ, 2 ಮಿಲಿಮೀಟರ್ ಮುಂದೆ. ಕಾರ್ಖಾನೆಯಲ್ಲಿ ಎರಡು ಜೊತೆ ಕಿವಿಗಳನ್ನೂ ಬೇರೆಬೇರೆಯಾಗಿ ಇಟ್ಟು ವೆಲ್ಡ್ ಮಾಡಿದ್ದಾರೆ, ಎರಡಕ್ಕೂ ಬೇರೆಬೇರೆ ಗಿಡ್ಡ ಪಿನ್ನು. ಎರಡೂ ಒಂದೇ ಗೆರೆಯಲ್ಲಿವೆಯೋ ಇಲ್ಲವೋ ಅಂತ ನೋಡುವ ಸಂದರ್ಭವೇ ಬರುವುದಿಲ್ಲ.

ಆಗ ಆ ಲೆಕ್ಕವೂ ಬಿಡಿಸಿಕೊಂಡಿತು. ಮೊದಲ 61 ಗಂಟೆಯಲ್ಲಿ ತೂತುಗಳು ಸವೆದು ಮೊಟ್ಟೆಯಾದದ್ದು ಆ ಸೊಟ್ಟಕ್ಕೆ ಜಾಗ ಮಾಡಿಕೊಡಲು. ಆಸರೆ ಪಟ್ಟಿ ಕೊಟ್ಟಾಗ ಕಿವಿಗೆ ಬಾಗಲು ಬಿಡಲಿಲ್ಲ. ಹೊಸ ಬುಶ್ ಹಾಕಿದಾಗ ಇದ್ದ ಚೂರು ಸಡಿಲವನ್ನೂ ಕಿತ್ತುಕೊಂಡೆ. ಸುಳಿವು ಕಣ್ಣೆದುರೇ ಇತ್ತು: ಎಡಗಿವಿಯ ತೂತು ಮೇಲಕ್ಕೆ ಸವೆದಿತ್ತು, ಬಲಗಿವಿಯದು ಕೆಳಕ್ಕೆ. ಭಾರದಿಂದಾದ ಸವೆತವಾಗಿದ್ದರೆ ಎರಡೂ ಒಂದೇ ದಿಕ್ಕಿಗೆ ಸವೆಯಬೇಕಿತ್ತು. ನಿಮ್ಮ ಗ್ರ್ಯಾಪಲ್ಲಿನ ತೂತುಗಳನ್ನು ಇವತ್ತೇ ನೋಡಿ, ದಿಕ್ಕು ನೋಡಿ.

ಇದೇ ಹೊತ್ತಿಗೆ, ಅಗ್ಗದ ಉಕ್ಕಿನದೇ ತಪ್ಪು, ದುಬಾರಿ ಪ್ಲೇಟ್ ಹಾಕು ಅಂತ ಇಬ್ಬರು ಗೆಳೆಯರು ಸಲಹೆ ಕೊಟ್ಟಿದ್ದರು. ಅದನ್ನು ನಾನು ಒಪ್ಪುವುದಿಲ್ಲ. ಚೀನಾದ ಕ್ಯೂ235 ಅನ್ನುವ ಬಗೆಯ ಪ್ಲೇಟು 235 ಮೆಗಾಪಾಸ್ಕಲ್ ಒತ್ತಡಕ್ಕೆ ಬಗ್ಗತೊಡಗುತ್ತದೆ, ಅಮೆರಿಕದ ಎ36 ಮತ್ತು ಭಾರತದ ಅಂಗಡಿಗಳಲ್ಲಿ ಸಿಗುವ ಇ250 ಎರಡೂ 250ಕ್ಕೆ. ಅಂಥ ಅಂತರವೇನಿಲ್ಲ. ಅದಕ್ಕಿಂತ ಮುಖ್ಯ, ವೆಲ್ಡ್ ಮಾಡಿದ ಜಾಗ ದಣಿದು ಸೀಳುವುದಕ್ಕೂ ಪ್ಲೇಟಿನ ಗಟ್ಟಿತನಕ್ಕೂ ಹೆಚ್ಚಿನ ಸಂಬಂಧವಿಲ್ಲ. ಎಷ್ಟೇ ಗಟ್ಟಿ ಪ್ಲೇಟ್ ತಂದರೂ ವೆಲ್ಡಿನ ಅಂಚು ಅಷ್ಟೇ ಬೇಗ ದಣಿಯುತ್ತದೆ. ಹಲ್ಲುಗಳ ತುದಿಗೆ ಗಟ್ಟಿ ಉಕ್ಕು ಬೇಕು, ನಿಜ. ಕಿವಿಗೆ ಬೇಕಾದದ್ದು ನೇರ.

ಈಗ ಮಾಡಿದ ಕೆಲಸ. ಗ್ರ್ಯಾಪಲ್ಲನ್ನು ಟ್ರ್ಯಾಕ್ಟರಿನಿಂದ ಬಿಡಿಸಿಯೇ ವೆಲ್ಡ್ ಮಾಡಿ, ಲೋಡರಿನ ಬೇರಿಂಗು, ವೈರಿಂಗುಗಳ ಮೂಲಕ ಕರೆಂಟ್ ಹರಿಯಬಾರದು. ಬಲಗಡೆಯ ಎರಡೂ ಕಿವಿಗಳನ್ನು, ಸರಿಯಾದ ಗೆರೆಯಲ್ಲಿ ಮತ್ತೆ ಕೂರಿಸುವುದಕ್ಕೆ, ಕಟಿಂಗ್ ವೀಲಿನಲ್ಲಿ ಕತ್ತರಿಸಿ ತೆಗೆದೆ. ಎಡಗಡೆಯದನ್ನು ಉಳಿಸಿಕೊಂಡು ಹಳೆ ಬುಶ್ ಕಿತ್ತೆ. ಆಮೇಲೆ ಒಂದೂಕಾಲು ಇಂಚಿನ, ಗ್ರೈಂಡ್ ಮಾಡಿ ನುಣುಪಾಗಿಸಿದ ಮೂರಡಿ ಶಾಫ್ಟ್ ಒಂದನ್ನು ತಂದೆ. ಎಲ್ಲ ಖರ್ಚಿನಲ್ಲಿ ಅದೇ ದೊಡ್ಡದು, ಅದೇ ಇಡೀ ಕೆಲಸದ ಜೀವ. ನಾಲ್ಕು ಕಿವಿಯ ಬುಶ್, ದವಡೆಯ ಎರಡು ತೋಳಿನ ಬುಶ್, ಆರನ್ನೂ ಅದೇ ಶಾಫ್ಟಿಗೆ ಪೋಣಿಸಿದೆ, ಮಣಿ ಪೋಣಿಸಿದ ಹಾಗೆ. ಕಿವಿಗಳ ತೂತನ್ನು ಹೋಲ್ ಸಾ ಹಾಕಿ ಬುಶ್ಶಿಗಿಂತ ಒಂದೂವರೆ ಮಿಲಿಮೀಟರ್ ದೊಡ್ಡದು ಮಾಡಿದ್ದರಿಂದ ಬುಶ್ ಎಲ್ಲಿ ಕೂರಬೇಕು ಅನ್ನುವುದನ್ನು ಕಿವಿ ನಿರ್ಧರಿಸಲಿಲ್ಲ, ಶಾಫ್ಟ್ ನಿರ್ಧರಿಸಿತು.

ಮೊದಲು ಬರೀ ಟ್ಯಾಕ್ (ಸದ್ಯಕ್ಕೆ ಹಿಡಿದಿಡುವ ಚುಕ್ಕೆ ವೆಲ್ಡು), ಪ್ರತಿ ಬುಶ್ಶಿಗೆ ಎದುರುಬದುರು ನಾಲ್ಕು. ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದೆ, ತಿರುಗಿತು. ಪ್ರೊಪೇನ್ ಟಾರ್ಚಿನಲ್ಲಿ ಕಿವಿಯನ್ನು ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಿಸಿ ಮಾಡಿಕೊಂಡು, ಅದೇ ದಿನ ಒಡೆದ ಪ್ಯಾಕೆಟ್ಟಿನ 7018 ರಾಡಿನಲ್ಲಿ ಕಾಲು ಸುತ್ತು ಎಡಗಡೆ, ಕಾಲು ಸುತ್ತು ಬಲಗಡೆ, ಆರಲು ಬಿಟ್ಟು ಮತ್ತೆ ತಿರುಗಿಸಿ ನೋಡುವುದು. ವೆಲ್ಡ್ ಆರುವಾಗ ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಅದೇ ಇಲ್ಲಿನ ಶತ್ರು. ಮೂರನೇ ಸುತ್ತಿನಲ್ಲಿ ಶಾಫ್ಟ್ ಬಿಗಿಯಾಯಿತು. ಎದೆ ಧಸಕ್ಕೆಂದಿತು. ಎದುರು ಬದಿಗೆ ಒಂದು ಸಣ್ಣ ವೆಲ್ಡ್ ಓಡಿಸಿ ಆರುವವರೆಗೆ ಕಾದೆ, ಬಿಟ್ಟುಕೊಟ್ಟಿತು. ಇಡೀ ಶನಿವಾರ ಇದಕ್ಕೇ ಹೋಯಿತು. ಆತುರಪಟ್ಟಿದ್ದರೆ ಐದನೇ ರಿಪೇರಿಯ ಕಥೆ ಬರೆಯಬೇಕಾಗುತ್ತಿತ್ತು.

ಶಾಫ್ಟನ್ನು ಹಾಗೇ ಉದ್ದ ಪಿನ್ನಾಗಿ ಉಳಿಸಿಕೊಳ್ಳುವ ಆಸೆಯಿತ್ತು, ನಡುವೆ ಸಿಲಿಂಡರ್ ಅಡ್ಡ ಬರುತ್ತದೆ. ಅದನ್ನೇ ಕತ್ತರಿಸಿ ಎರಡು ಗಿಡ್ಡ ಪಿನ್ ಮಾಡಿದೆ. ಪಿನ್ನಿನ ತಲೆಗೆ ಒಂದು ಪಟ್ಟಿ ವೆಲ್ಡ್ ಮಾಡಿ ಕಿವಿಗೆ ಬೋಲ್ಟ್ ಹಾಕಿದ್ದೇನೆ. ಹಳೆಯ ಪಿನ್ನಿಗೆ ಜಾರದಂತೆ ತಡೆಯುವ ಬರೀ ಕಾಟರ್ ಪಿನ್ ಇತ್ತು, ದವಡೆಯ ಜೊತೆ ಪಿನ್ನೂ ತಿರುಗಿ ಕಿವಿಯನ್ನು ತಿನ್ನುತ್ತಿತ್ತು. ಈಗ ಪಿನ್ ನಿಲ್ಲುತ್ತದೆ, ದವಡೆಯ ಬುಶ್ ಮಾತ್ರ ತಿರುಗುತ್ತದೆ. ಗ್ರೀಸ್ ನಿಪ್ಪಲ್ ಇರುವುದೂ ಅಲ್ಲೇ.

ಈ ಟ್ರ್ಯಾಕ್ಟರಿನ ಮಿತಿಯ ಲೆಕ್ಕವೂ ಇರಲಿ. ಲೋಡರು ತನ್ನ ತೋಳಿನ ತುದಿಯ ಪಿನ್ನಿನ ಹತ್ತಿರ ಎತ್ತುವುದು 1,050 ಪೌಂಡ್. ಗ್ರ್ಯಾಪಲ್ ಒಂದೇ 360. ಹಸಿ ರೆಡ್ ಓಕ್ ಘನ ಅಡಿಗೆ 63 ಪೌಂಡ್ ತೂಗುತ್ತದೆ, 16 ಇಂಚು ದಪ್ಪದ ಎಂಟಡಿ ದಿಮ್ಮಿ 700 ದಾಟುತ್ತದೆ. ಅಲ್ಲಿಗೆ ಮುಗಿಯಿತು. ಕಿವಿಗೆ ಇನ್ನಷ್ಟು ದಪ್ಪ ಪ್ಲೇಟ್ ಹಾಕಿದ್ದರೆ ಎತ್ತುವ ಮರದಲ್ಲಿ ಅಷ್ಟು ಕಡಿತ.

ಇಷ್ಟೆಲ್ಲ ಅವಸರ ಯಾಕೆ ಅಂದರೆ ತೊರೆಯ ಪಕ್ಕದಲ್ಲೊಂದು ವೈಟ್ ಓಕ್ ಬಿದ್ದಿದೆ. ಮುಂದಿನ ಯೋಜನೆ ಅದರೊಳಗೇ ಮಲಗಿದೆ: ಜಗಲಿಗೆ ತೂಗುಮಣೆ. ಅಜ್ಜಿಯ ಮನೆಯ ಪಡಸಾಲೆಯಲ್ಲಿ ಹಿತ್ತಾಳೆ ಸರಪಳಿಯಲ್ಲಿ ತೂಗುತ್ತಿದ್ದಂಥದ್ದು, ಇಬ್ಬರು ಮಲಗುವಷ್ಟು ಅಗಲ. ರೆಡ್ ಓಕ್ ಆಗದು, ಅದರ ನಾಳಗಳು ತೆರೆದಿರುತ್ತವೆ, ನೀರು ಹೀರಿ ಹೊರಗಡೆ ಬೇಗ ಕೊಳೆಯುತ್ತದೆ. ವೈಟ್ ಓಕಿನ ನಾಳಗಳು ಒಳಗೇ ಮುಚ್ಚಿಕೊಂಡಿರುತ್ತವೆ, ಪೀಪಾಯಿ ಮಾಡುವುದು ಅದರಲ್ಲೇ. ಎರಡಿಂಚಿನ ಹಲಗೆ ಗಾಳಿಗೆ ಒಣಗಲು ಅಂದಾಜು ಎರಡು ವರ್ಷ ಬೇಕು, ಇಂಚಿಗೊಂದು ವರ್ಷ ಅನ್ನುತ್ತಾರೆ. ತುದಿಗಳಿಗೆ ಮೇಣ ಬಳಿಯದಿದ್ದರೆ ಸೀಳುತ್ತದೆ. ಮಗಳಿಗೆ ಈಗ ನಾಲ್ಕು, ಆರಕ್ಕೆ ತೂಗುಮಣೆ ಅಂತ ಮಾತು ಕೊಟ್ಟಾಗಿದೆ.

ಗ್ರ್ಯಾಪಲ್ಲಿಗೆ ಮರಳಿದರೆ, ವೆಲ್ಡ್ ಮುಗಿಸಿ 14 ಗಂಟೆ ದುಡಿಸಿದ್ದೇನೆ. ನಿನ್ನೆ ಮತ್ತೆ ಸಿಲಿಂಡರ್ ಬಿಚ್ಚಿ ದವಡೆ ಆಡಿಸಿದ್ದು ಅದಕ್ಕೇ. ಆಮೇಲೆ ಕಿವಿಯ ಬುಡಗಳನ್ನೆಲ್ಲ ತೊಳೆದು ಡೈ ಪೆನಿಟ್ರಂಟಿನ (ಬಿರುಕಿದ್ದರೆ ಒಳಗಿಳಿದು ತೋರಿಸುವ ಬಣ್ಣ) ಕೆಂಪು ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹಾಕಿದೆ. ಬಿಳಿ ಬಿಳಿಯಾಗಿಯೇ ಉಳಿಯಿತು, ಒಂದು ಕೆಂಪು ಕೂದಲೆಳೆಯೂ ಮೂಡಲಿಲ್ಲ. 25 ಗಂಟೆಗೆ ಮತ್ತೊಮ್ಮೆ, 60ಕ್ಕೆ ಇನ್ನೊಮ್ಮೆ ನೋಡುತ್ತೇನೆ. ಎಡಗಡೆಯ ಕೊನೆಯ ಹಲ್ಲು ಬಗ್ಗಿದೆ, ಬುಡದ ಬೇರನ್ನು ಒಂದೇ ಹಲ್ಲಿನಲ್ಲಿ ಕೀಳಲು ಹೋಗಿದ್ದರ ಫಲ. ಅದು ಚಳಿಗಾಲದ ಕೆಲಸ.

ದವಡೆ ಬೀಳುವ ವಿಡಿಯೋ ರಾತ್ರಿ ಮಾವನಿಗೆ ಕಳಿಸಿದೆ. ಬೆಳಗ್ಗೆ ಉತ್ತರ ಬಂದಿತ್ತು: "ಈಗ ಸರಿ ಹೋಯ್ತು. ತುಕ್ಕು ಹಿಡಿಯೋಕೆ ಮುಂಚೆ ಪೇಂಟ್ ಹೊಡಿ."