ಪಾತ್ರೆಗೆ ಬಿದ್ದ ಅನ್ನ

ಕಳೆದ ಚಳಿಗಾಲದಲ್ಲಿ ಮೈಸೂರಿನಿಂದ ಬಂದಿದ್ದ ಚಿಕ್ಕಪ್ಪನನ್ನು ಟಿಬೆಟಿ ನಿರಾಶ್ರಿತರ ನೆಲೆಯಾದ ಬೈಲಕುಪ್ಪೆಗೆ ಕರೆದುಕೊಂಡು ಹೋಗಿದ್ದೆ. ನಾಮ್‌ಡ್ರೋಲಿಂಗ್ ಮಠದಲ್ಲಿ ಚಿನ್ನದ ಬಣ್ಣದ ಬುದ್ಧನ ಮುಂದೆ ಕಾಲು ಗಂಟೆ ಕಣ್ಣು ಮುಚ್ಚಿ ಕುಳಿತಿದ್ದ ಅವರು, ಅನಂತರ ಚಹಾಕ್ಕೆಂದು ಹೊಕ್ಕ ಸಣ್ಣ ಹೋಟೆಲಿನಲ್ಲಿ ಪಕ್ಕದ ಮೇಜನ್ನು ಕಂಡು ಪೆಚ್ಚಾದರು. ಕಡುಗೆಂಪು ಚೀವರ ಹೊದ್ದ ಇಬ್ಬರು ಭಿಕ್ಷುಗಳು ಮಾಂಸದ ಮೊಮೊಗಳನ್ನು ಕೆಂಪು ಚಟ್ನಿಯಲ್ಲಿ ಅದ್ದಿ ನಿಧಾನವಾಗಿ ತಿನ್ನುತ್ತಿದ್ದರು. ‘ಬುದ್ಧನ ಹೆಸರು ಹೇಳುವವರು ಹೀಗೆ ಮಾಡಬಹುದೇನೋ?’ ಎಂದು ಚಿಕ್ಕಪ್ಪ ನನ್ನನ್ನು ಕೇಳಿದ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

ಅವರನ್ನು ದೂರಿ ಫಲವಿಲ್ಲ. ಅಹಿಂಸೆ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಶ್ರವಣಬೆಳಗೊಳ ಮತ್ತು ಮೂಡುಬಿದಿರೆ; ಹೊತ್ತು ಮುಳುಗುವ ಮುನ್ನ ಮುಗಿಯುವ ಊಟ, ಗೆಡ್ಡೆಗೆಣಸಿಲ್ಲದ ಅಡುಗೆ. ಜೈನರ ಆ ಅಳತೆಗೋಲನ್ನೇ ನಾವು ತಿಳಿಯದೆ ಬೌದ್ಧರಿಗೂ ಹಿಡಿಯುತ್ತೇವೆ. ಬುದ್ಧನು ಭಿಕ್ಷುಗಳಿಗೆ ವಿಧಿಸಿದ ಆಹಾರನಿಯಮಗಳಾದರೋ ಬೇರೊಂದು ಕಡೆಯಿಂದ ಹೊರಡುತ್ತವೆ. ಭಿಕ್ಷು ತಾನು ಬೇಯಿಸಿಕೊಳ್ಳುವಂತಿಲ್ಲ, ನಾಳೆಗೆಂದು ಕೂಡಿಡುವಂತಿಲ್ಲ, ಕಾಯಿಲೆಯಿಲ್ಲದಾಗ ಇಂಥದ್ದೇ ರುಚಿಯಾದುದು ಬೇಕೆಂದು ಕೇಳುವಂತಿಲ್ಲ, ನಡುಹಗಲು ದಾಟಿದ ಮೇಲೆ ಉಣ್ಣುವಂತಿಲ್ಲ. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಇವಿಷ್ಟನ್ನು ಮಾತ್ರ ಔಷಧವೆಂದು ಏಳು ದಿನ ಇಟ್ಟುಕೊಳ್ಳಬಹುದು. ಮನೆಬಾಗಿಲಲ್ಲಿ ಮೌನವಾಗಿ ನಿಂತವನ ಪಾತ್ರೆಗೆ ಆ ಮನೆಯವರು ಏನನ್ನು ಹಾಕುತ್ತಾರೋ ಅದು ಅವನ ಊಟ. ಬಡವಿ ಹಾಕಿದ ನುಚ್ಚನ್ನು ಒಲ್ಲೆನೆನ್ನುವಂತಿಲ್ಲವೆಂದ ಮೇಲೆ, ಬೇಟೆಗಾರನ ಮನೆಯವರು ಹಾಕಿದ ಮಾಂಸದ ತುಂಡನ್ನು ಏನು ಮಾಡಬೇಕು?

ವೈದ್ಯ ಜೀವಕನಿಗೆ ಬುದ್ಧನು ಕೊಟ್ಟ ಉತ್ತರ ಈ ಪ್ರಶ್ನೆಗೆ ಸಲ್ಲುತ್ತದೆ. ತನಗಾಗಿ ಪ್ರಾಣಿಯನ್ನು ಕೊಂದದ್ದನ್ನು ಭಿಕ್ಷು ಕಂಡಿರಬಾರದು, ಕೇಳಿರಬಾರದು, ಹಾಗೆಂದು ಶಂಕೆಯೂ ಇರಬಾರದು. ಈ ಮೂರೂ ಇಲ್ಲದಿದ್ದರೆ ಆ ಮಾಂಸವನ್ನು ಸ್ವೀಕರಿಸಬಹುದು. ಇದರ ಜೊತೆಗೆ ಮನುಷ್ಯ, ಆನೆ, ಕುದುರೆ, ನಾಯಿ, ಹಾವು, ಸಿಂಹ, ಹುಲಿ ಮೊದಲಾಗಿ ಹತ್ತು ಬಗೆಯ ಮಾಂಸ ಎಂದಿಗೂ ಕೂಡದೆಂಬ ನಿಷೇಧವಿದೆ. ಭಿಕ್ಷುಗಳು ಮೀನು ಮಾಂಸಗಳನ್ನು ಪೂರ್ತಿ ಬಿಡಬೇಕೆಂದು ಹಟ ಹಿಡಿದವನು ಬುದ್ಧನ ದಾಯಾದಿಯೂ ಭಿಕ್ಷುವೂ ಆಗಿದ್ದ ದೇವದತ್ತ. ಬುದ್ಧನು ಅದನ್ನು ಎಲ್ಲರಿಗೂ ಕಡ್ಡಾಯ ಮಾಡಲು ಒಪ್ಪಲಿಲ್ಲ. ಪಾವಾ ಊರಿನ ಕಮ್ಮಾರ ಚುಂದನು ಬಡಿಸಿದ ಕೊನೆಯ ಊಟದ ‘ಸೂಕರಮದ್ದವ’ ಹಂದಿಯ ಮಾಂಸವೋ ಅಣಬೆಯೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ನನಗೆ ಆ ಜಗಳಕ್ಕಿಂತ ದೊಡ್ಡದಾಗಿ ಕಾಣುವುದು, ಆ ಊಟ ಬಡಿಸಿದ್ದಕ್ಕಾಗಿ ಚುಂದನನ್ನು ಯಾರೂ ನೋಯಿಸದಂತೆ ನೋಡಿಕೊಳ್ಳಿರೆಂದು ಸಾಯುವ ಹೊತ್ತಿನಲ್ಲಿ ಬುದ್ಧನು ಶಿಷ್ಯ ಆನಂದನಿಗೆ ಹೇಳಿದ ಮಾತು.

ಆದರೆ ಭಿಕ್ಷೆಗೆ ಹೊಂದುವ ಈ ನಿಯಮವನ್ನು ಸಂತೆಗೆ ತಂದರೆ ಸಡಿಲವಾಗುತ್ತದೆ ಎಂಬುದು ನನ್ನ ಅನಿಸಿಕೆ. ಅಂಗಡಿಯಲ್ಲಿ ತೂಗುಹಾಕಿದ ಕುರಿಯನ್ನು ನನಗೆಂದೇ ಕೊಂದಿಲ್ಲ ಎನ್ನಬಹುದು; ಆದರೆ ನನ್ನಂಥವರು ಕೊಳ್ಳುತ್ತಾರೆಂದೇ ಅಲ್ಲವೇ ಕೊಂದದ್ದು? ಬೌದ್ಧಧರ್ಮದ ಒಂದು ಶಾಖೆಯಾದ ಮಹಾಯಾನದ ಲಂಕಾವತಾರ ಸೂತ್ರ ಎಂಬ ಗ್ರಂಥ ಇದೇ ಎಳೆಯನ್ನು ಹಿಡಿದು, ತಿನ್ನುವವರಿಲ್ಲದಿದ್ದರೆ ಕೊಲ್ಲುವವರೂ ಇರುವುದಿಲ್ಲವೆಂದು ವಾದಿಸುತ್ತದೆ. ಆರನೆಯ ಶತಮಾನದಲ್ಲಿ ಲಿಯಾಂಗ್ ವಂಶದ ಚಕ್ರವರ್ತಿ ವೂ ಚೀನಾದ ಭಿಕ್ಷುಗಳಿಗೆ ಮಾಂಸವನ್ನೂ ಮದ್ಯವನ್ನೂ ಬಿಡಿಸಿದನು. ಅಲ್ಲಿನ ವಿಹಾರಗಳ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿಗಳೂ ನಿಷಿದ್ಧ. ಜಪಾನಿನಲ್ಲಾದರೆ 1872ರಲ್ಲಿ ಮೇಜಿ ಸರ್ಕಾರವೇ ಭಿಕ್ಷುಗಳು ಮಾಂಸ ತಿನ್ನಬಹುದು, ಮದುವೆಯಾಗಬಹುದು ಎಂದು ಆಜ್ಞೆ ಹೊರಡಿಸಿತು.

ಟಿಬೆಟಿಗರು ಮಹಾಯಾನಿಗಳಾಗಿಯೂ ಮಾಂಸ ಬಿಡದಿರಲು ಅವರ ನೆಲವೇ ಮುಖ್ಯ ಕಾರಣ. ನಾಲ್ಕು ಸಾವಿರ ಮೀಟರಿಗೂ ಎತ್ತರದ ಆ ಚಳಿಯ ಬಯಲಿನಲ್ಲಿ ಸೊಪ್ಪು ತರಕಾರಿ ಬೆಳೆಯುವುದು ಕಷ್ಟ. ಬಾರ್ಲಿ, ಯಾಕ್‌ನ ಹಾಲು, ಬೆಣ್ಣೆ, ಮಾಂಸ ಇವೇ ಬದುಕಿನ ಆಧಾರ. ಕೊಲ್ಲಲೇಬೇಕಾಗಿ ಬಂದಾಗ ಅವರು ಹಾಕುತ್ತಿದ್ದ ಲೆಕ್ಕ ನಮ್ಮದಕ್ಕೆ ತಿರುವುಮುರುವು. ಕೋಳಿ, ಮೀನು ಆದರೆ ಪಾಪ ಕಡಿಮೆ, ದೊಡ್ಡ ಪ್ರಾಣಿಯಾದರೆ ಹೆಚ್ಚು ಎಂಬುದು ನಮ್ಮಲ್ಲಿ ಹಲವರ ಎಣಿಕೆ. ಒಂದು ಯಾಕ್ ಸತ್ತರೆ ಹತ್ತಾರು ಜನರಿಗೆ ತಿಂಗಳುಗಟ್ಟಲೆ ಊಟ, ಒಂದು ಹೊತ್ತಿನ ಮೀನಿಗೆ ಎಷ್ಟೋ ಜೀವ ಹೋಗುತ್ತದೆ ಎಂಬುದು ಅವರ ಎಣಿಕೆ.

1960ರ ಹೊತ್ತಿಗೆ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡನ್ನು ಕಡಿದು ಮುಸುಕಿನ ಜೋಳ ಬೆಳೆದ ಜನ ಬೈಲಕುಪ್ಪೆಯ ಈ ಟಿಬೆಟಿಗರು. ಇಲ್ಲಿ ತರಕಾರಿಗೆ ಬರವಿಲ್ಲವಾದ್ದರಿಂದ ಹಳೆಯ ಕಾರಣ ಈಗ ನಿಲ್ಲದು ಎಂಬ ಮಾತು ಅವರೊಳಗೇ ಎದ್ದಿದೆ; ಟಿಬೆಟಿ ಬೌದ್ಧರ ಕರ್ಮ ಕಗ್ಯು ಪರಂಪರೆಯ ಗುರುವಾದ 17ನೆಯ ಕರ್ಮಾಪ ತಮ್ಮ ಪರಂಪರೆಯ ಮಠಗಳಲ್ಲಿ ಮಾಂಸ ಬೇಡವೆಂದು 2007ರಲ್ಲೇ ಹೇಳಿದರು. ಅದೇ ಹೋಟೆಲಿನ ಮೂಲೆಯಲ್ಲಿ ಅಂದು ಮುದುಕಿಯೊಬ್ಬರು ತ್ಸಂಪಾ ಕಲಸುತ್ತಿದ್ದರು. ಉಪ್ಪು ಹಾಕಿದ ಬೆಣ್ಣೆಚಹಾದ ಬಟ್ಟಲಿಗೆ ಹುರಿದ ಬಾರ್ಲಿಯ ಹಿಟ್ಟು ಸುರಿದು, ಬಟ್ಟಲನ್ನು ಎಡಗೈಯಲ್ಲಿ ಸುತ್ತಿಸುತ್ತ, ಬಲಗೈಯ ಬೆರಳುಗಳಿಂದ ಅಂಚಿಗೆ ಒತ್ತಿ ಒತ್ತಿ, ಕೊನೆಗೆ ಬಟ್ಟಲಿಗೆ ಒಂದು ಚೂರೂ ಅಂಟದ ಉಂಡೆ ಮಾಡಿದರು. ‘ಇದು ನಮ್ಮ ಹುರಿಹಿಟ್ಟಲ್ಲವೇ!’ ಎಂದು ಚಿಕ್ಕಪ್ಪ ಮೊದಲ ಬಾರಿಗೆ ನಕ್ಕರು.

ಈ ವಿಷಯವನ್ನು ಕಲಬುರಗಿಯ ಗೆಳೆಯರೊಬ್ಬರ ಜೊತೆ ಮಾತನಾಡಿದಾಗ ಅವರು ಇನ್ನೊಂದು ಕಡೆ ಬೆರಳು ತೋರಿದರು. ಅವರ ಮನೆಯವರು ಅಂಬೇಡ್ಕರ್ ಅವರ ಹಾದಿಯಲ್ಲಿ ಬೌದ್ಧರಾದವರು. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಕುಡಿಯುವುದಿಲ್ಲವೆಂಬುದಿದೆ, ಎಲ್ಲ ಜೀವಿಗಳಲ್ಲಿ ಕರುಣೆ ಇಡುತ್ತೇನೆಂಬುದಿದೆ. ಮಾಂಸ ತಿನ್ನುವುದಿಲ್ಲವೆಂಬುದು ಇಲ್ಲ. ‘ತಟ್ಟೆ ನೋಡಿ ಮನುಷ್ಯನನ್ನು ಅಳೆಯುವವರಿಂದ ಬಿಡಿಸಿಕೊಂಡು ಬಂದವರು ನಾವು, ಮತ್ತೆ ಅದೇ ತಕ್ಕಡಿ ಏಕೆ?’ ಎಂದರು ಗೆಳೆಯರು. ನಾನು ಉತ್ತರಿಸಲಿಲ್ಲ.

ಜೂನ್‌ನಲ್ಲಿ ಚಿಕ್ಕಪ್ಪ ತಾವಾಗಿಯೇ ಮತ್ತೆ ಬೈಲಕುಪ್ಪೆಗೆ ಹೋಗೋಣವೆಂದರು. ಅದು ಟಿಬೆಟಿಗರ ನಾಲ್ಕನೆಯ ತಿಂಗಳು, ಬುದ್ಧನ ಜ್ಞಾನೋದಯ ಪರಿನಿರ್ವಾಣಗಳನ್ನು ನೆನೆಯುವ ಸಾಗಾದಾವಾ. ಮಾಂಸ ತಿನ್ನುವವರೂ ಹಲವರು ಆ ತಿಂಗಳು ಅದನ್ನು ಮುಟ್ಟುವುದಿಲ್ಲ. ಅದೇ ಹೋಟೆಲಿನಾಕೆ ‘ಈ ತಿಂಗಳು ಮಾಂಸ ಇಲ್ಲ, ಕೋಸಿನ ಮೊಮೊ ಮಾತ್ರ’ ಎಂದು ಕನ್ನಡದಲ್ಲೇ ಹೇಳಿದರು. ವರ್ಷಕ್ಕೆ ನಾಲ್ಕು ತಿಂಗಳು ಶಾಕ, ದಧಿ, ಕ್ಷೀರ, ದ್ವಿದಳವೆಂದು ಒಂದೊಂದನ್ನೇ ಬಿಡುವ ಚಿಕ್ಕಪ್ಪನಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಒಳಗೆ ಈರುಳ್ಳಿ ಇದೆಯೇ ಎಂದು ಮಾತ್ರ ಕೇಳಿದರು. ಇದೆ ಎಂದರು ಆಕೆ. ಚಿಕ್ಕಪ್ಪ ಬೆರಳು ಮಡಚಿ ಏನೋ ಎಣಿಸಿ, ‘ಚಾತುರ್ಮಾಸ್ಯಕ್ಕೆ ಇನ್ನೂ ದಿನ ಇದೆ’ ಎನ್ನುತ್ತ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.